ಎಕ್ಸ್‌ವಿ6 ಕೆರ್ನಲ್‌ಗೆ ಪರ್ಫಾರ್ಮೆನ್ಸ್ ಕೌಂಟರ್ ಜೋಡಿಸುವುದು ಹೇಗೆ: ಸೊನ್ನೆ ಬರುವಲ್ಲಿಂದ ಸರಿಯಾದ ಲೆಕ್ಕದವರೆಗೆ

ಮುಗಿದ ಸೂಚನೆ, ಸೈಕಲ್ ಮುಂತಾದವನ್ನು ಎಣಿಸುವ, ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳೇ ಪರ್ಫಾರ್ಮೆನ್ಸ್ ಕೌಂಟರ್‌ಗಳು. ಅವನ್ನು ಕೆರ್ನಲ್‌ಗೆ ಜೋಡಿಸಲು ಹೊರಟ ಒಬ್ಬರು ಬಂದು "ರಿಜಿಸ್ಟರ್‌ಗೆ ಬರೆದೆ, ಓದಿದರೆ ಸೊನ್ನೆ" ಅನ್ನುತ್ತಾರೆ. ಇನ್ನೊಬ್ಬರದು "ಇಂಟರಪ್ಟ್ ಒಂದೇ ಸಲ ಬಂತು, ಆಮೇಲೆ ಪತ್ತೆಯೇ ಇಲ್ಲ". ಮತ್ತೊಬ್ಬರಿಗೆ ಲೆಕ್ಕ ಬರುತ್ತದೆ, ಆದರೆ ಒಂದೊಂದು ಸಲ ಒಂದೊಂದು. ಕೋಡ್ ತೆಗೆದು ನೋಡಿದರೆ ಸಾಲುಗಳು ಬಹುತೇಕ ಸರಿಯಾಗಿಯೇ ಇರುತ್ತವೆ. ತಪ್ಪಿರುವುದು ಕ್ರಮ. ಮೊದಲ ದಿನವೇ ಸ್ಯಾಂಪ್ಲಿಂಗ್‌ಗೆ (ಆಗಾಗ ಇಂಟರಪ್ಟ್ ಬರಿಸಿ ಯಾವ ಕೋಡ್ ಓಡುತ್ತಿದೆ ಅಂತ ನೋಡುವುದಕ್ಕೆ) ಕೈ ಹಾಕಿರುತ್ತಾರೆ, ಬರೀ ಎಣಿಕೆ ಸರಿ ಇದೆಯಾ ಅಂತ ನೋಡಿಯೇ ಇರುವುದಿಲ್ಲ.

ಅದಕ್ಕೇ ಇಲ್ಲಿ ಒಂದು ಹಂತ ಪಾಸಾಗದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ತೆಗೆದುಕೊಂಡಿರುವುದು ಎಂಐಟಿ ಪಾಠಕ್ಕೆಂದು ಬರೆದ ಪುಟ್ಟ ಕೆರ್ನಲ್ ಎಕ್ಸ್‌ವಿ6, ಅದರಲ್ಲೂ ಹಳೆಯ ಎಕ್ಸ್86 ಆವೃತ್ತಿ. ಪ್ರೊಸೆಸರ್ ಇಂಟೆಲ್. ಎಎಂಡಿಯಲ್ಲಿ ರಿಜಿಸ್ಟರ್ ನಂಬರ್‌ಗಳೇ ಬೇರೆ, ಈ ನಂಬರ್‌ಗಳನ್ನು ಅಲ್ಲಿ ಹಾಕಬೇಡಿ. ನಿಮ್ಮದೇ ಪುಟ್ಟ ಕೆರ್ನಲ್ ಇದ್ದರೂ ಹಂತಗಳು ಇವೇ. ಫಂಕ್ಷನ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಸೋರ್ಸ್ ಪಕ್ಕದಲ್ಲಿಟ್ಟುಕೊಂಡರೆ ತಕ್ಷಣ ಸಿಗುತ್ತವೆ.

## ಮೊದಲು ಬೇಕಾದ್ದು

ಇಂಟೆಲ್ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್, ಅದರ ಮೇಲೆ ನೇರವಾಗಿ ಓಡುವ ಲಿನಕ್ಸ್, ಕ್ಯೂಎಂಯು (ಇಡೀ ಯಂತ್ರವನ್ನು ಸಾಫ್ಟ್‌ವೇರ್‌ನಲ್ಲಿ ನಟಿಸುವ ಪ್ರೋಗ್ರಾಮ್), ಕೆವಿಎಂ (ಆ ಯಂತ್ರದ ಕೋಡನ್ನು ನೇರವಾಗಿ ಅಸಲಿ ಪ್ರೊಸೆಸರ್ ಮೇಲೆ ಓಡಿಸುವ ಲಿನಕ್ಸ್ ಸೌಲಭ್ಯ), 32 ಬಿಟ್ ಕೋಡ್ ಕಟ್ಟಬಲ್ಲ ಜಿಸಿಸಿ ಕಂಪೈಲರ್. ಇಂಟೆಲ್‌ನ ಸಾಫ್ಟ್‌ವೇರ್ ಡೆವಲಪರ್ ಮ್ಯಾನ್ಯುಯಲ್‌ನ ಮೂರನೇ ಸಂಪುಟ ಪಿಡಿಎಫ್ ಆಗಿ ಸಿಗುತ್ತದೆ, ಪರ್ಫಾರ್ಮೆನ್ಸ್ ಮಾನಿಟರಿಂಗ್ ಅಧ್ಯಾಯ ತೆರೆದಿಟ್ಟುಕೊಳ್ಳಿ.

ಏನೂ ಬದಲಿಸದ ಎಕ್ಸ್‌ವಿ6 ಮೊದಲು ಬೂಟ್ ಆಗಲಿ. ಹೊಸ ಜಿಸಿಸಿಯಲ್ಲಿ ಶೆಲ್ ಫೈಲ್ ಕಂಪೈಲ್ ಆಗದೆ ನಿಲ್ಲಬಹುದು. ರಿಕರ್ಷನ್ ಮುಗಿಯುವುದೇ ಇಲ್ಲ ಅನ್ನುವ ಎಚ್ಚರಿಕೆಯನ್ನು ಮೇಕ್‌ಫೈಲ್ ಎರರ್ ಆಗಿ ತೆಗೆದುಕೊಳ್ಳುತ್ತದೆ, ಅಷ್ಟೇ. ಅದನ್ನು ಈಗಲೇ ಸರಿಪಡಿಸಿಕೊಳ್ಳಿ. ಆಮೇಲೆ ನಿಮ್ಮ ಕೋಡಿನ ತಪ್ಪೋ ಅದರದ್ದೋ ಅಂತ ಗೊಂದಲ ಬೇಡ.

## ಹಂತ 1: ಕೌಂಟರ್‌ಗಳು ನಿಜವಾಗಿ ಇವೆಯಾ?

ಸೊನ್ನೆ ಬರುವವರಲ್ಲಿ ಅರ್ಧ ಜನ ಇಲ್ಲೇ ಸಿಕ್ಕಿಹಾಕಿಕೊಂಡಿರುತ್ತಾರೆ. ಎಕ್ಸ್‌ವಿ6ನ ಮೇಕ್‌ಫೈಲ್ ಕ್ಯೂಎಂಯುವನ್ನು ಕೆವಿಎಂ ಇಲ್ಲದೆ ಓಡಿಸುತ್ತದೆ. ಆಗ ಪ್ರೊಸೆಸರ್ ಪೂರ್ತಿ ಸಾಫ್ಟ್‌ವೇರ್ ನಾಟಕ. ಆ ನಾಟಕದಲ್ಲಿ ಎಕ್ಸ್86 ಕೌಂಟರ್‌ಗಳ ಪಾತ್ರವೇ ಇಲ್ಲ. ನೀವು ಬರೆದದ್ದನ್ನೆಲ್ಲ ನುಂಗಿಕೊಂಡು ಸುಮ್ನೆ ಸೊನ್ನೆ ಕೊಡುತ್ತದೆ.

ಮೇಕ್‌ಫೈಲ್‌ನಲ್ಲಿ ಕ್ಯೂಎಂಯು ಎಕ್ಸ್‌ಟ್ರಾ ಅನ್ನುವ ವೇರಿಯಬಲ್ ಇದೆ. ಅದರ ಮೂಲಕ ಮೂರು ವಿಷಯ ಹೇಳಿ: ಕೆವಿಎಂ ಬಳಸು, ಸಿಪಿಯು ಮಾದರಿ ಹೋಸ್ಟ್, ಪಿಎಂಯು (ಕೌಂಟರ್‌ಗಳಿರುವ ಘಟಕ) ಆನ್. ಆಮೇಲೆ ಕೆರ್ನಲ್ ಒಳಗಿಂದ, ಪ್ರೊಸೆಸರ್‌ನಲ್ಲಿ ಏನೇನಿದೆ ಅಂತ ಹೇಳುವ ಸಿಪಿಯುಐಡಿ ಸೂಚನೆಯನ್ನು ಇಎಎಕ್ಸ್‌ನಲ್ಲಿ 10 ಇಟ್ಟು ಓಡಿಸಿ. ಹೆಕ್ಸ್‌ನಲ್ಲಿ ಅದು ಎ.

ಈ ಫಂಕ್ಷನ್‌ಗೆ ಸಿಪಿಯುಐಡಿ ಅಂತ ಹೆಸರಿಡಬೇಡಿ. ಆ ಹೆಸರಿನ ಫಂಕ್ಷನ್ ಎಕ್ಸ್‌ವಿ6ನ ಪ್ರಾಕ್.ಸಿಯಲ್ಲಿ ಆಗಲೇ ಇದೆ, ಅದು ಈಗ ಓಡುತ್ತಿರುವ ಸಿಪಿಯು ಎಷ್ಟನೆಯದು ಅಂತ ಹೇಳುತ್ತದೆ. ಎರಡೂ ಒಂದೇ ಹೆಸರಾದರೆ ಕಂಪೈಲರ್ ಕೂಗಾಡುತ್ತದೆ.

ವಾಪಸ್ ಬಂದ ಇಎಎಕ್ಸ್‌ನ ಕೆಳಗಿನ 8 ಬಿಟ್ ಆವೃತ್ತಿ. ಕೆವಿಎಂ ಒಳಗೆ ಸಾಮಾನ್ಯವಾಗಿ 2 ಬರುತ್ತದೆ, ನಮಗೆ ಅಷ್ಟು ಸಾಕು. ಅದರ ಮೇಲಿನ 8 ಬಿಟ್ ಸಾಮಾನ್ಯ ಕೌಂಟರ್‌ಗಳ ಸಂಖ್ಯೆ, ಇನ್ನೂ ಮೇಲಿನ 8 ಬಿಟ್ ಅವುಗಳ ಅಗಲ. ಅಗಲ ಹೆಚ್ಚಾಗಿ 48 ಇರುತ್ತದೆ. ಈ ಮೂರನ್ನೂ ಪ್ರಿಂಟ್ ಮಾಡಿ, ಅಗಲವನ್ನು ಒಂದು ವೇರಿಯಬಲ್‌ನಲ್ಲಿ ಎತ್ತಿಟ್ಟುಕೊಳ್ಳಿ.

ಇಬಿಎಕ್ಸ್ ಓದುವಾಗ ಹುಷಾರು. ಅದರಲ್ಲಿ ಒಂದು ಬಿಟ್ 1 ಆಗಿದ್ದರೆ ಆ ಘಟನೆ ಇಲ್ಲ ಅಂತ ಅರ್ಥ. ಎಲ್ಲರೂ ಇದನ್ನು ಉಲ್ಟಾ ಓದುತ್ತಾರೆ.

ಆವೃತ್ತಿ 0 ಬಂದರೆ ಮುಂದೆ ಹೋಗಬೇಡಿ, ಕಾರಣ ಹುಡುಕಿ. ಕೆವಿಎಂ ಆನ್ ಆಗಿಲ್ಲದಿರಬಹುದು. ನಿಮ್ಮ ಲಿನಕ್ಸ್ ತಾನೇ ಇನ್ನೊಂದು ವರ್ಚುವಲ್ ಯಂತ್ರದೊಳಗೆ ಕೂತಿರಬಹುದು. ಅಥವಾ ನಿಮ್ಮದು ಪಿ ಕೋರ್, ಇ ಕೋರ್ ಎರಡೂ ಇರುವ ಹೊಸ ಪ್ರೊಸೆಸರ್ ಇರಬಹುದು. ಅಂಥ ಪ್ರೊಸೆಸರ್ ಮೇಲೆ ಈಚಿನ ಕೆವಿಎಂ ಬೇಕೆಂದೇ ಪಿಎಂಯುವನ್ನು ಒಳಗೆ ಬಿಡುವುದಿಲ್ಲ, ಯಾಕೆಂದರೆ ಎರಡು ಬಗೆಯ ಕೋರ್‌ಗಳ ಕೌಂಟರ್‌ಗಳು ಒಂದೇ ಥರ ಇರುವುದಿಲ್ಲ. ಇದಕ್ಕೆ ನಿಮ್ಮ ಕೋಡಿನಲ್ಲಿ ಮದ್ದಿಲ್ಲ. ಹಳೆಯ ಲ್ಯಾಪ್‌ಟಾಪ್ ಹುಡುಕಿಕೊಳ್ಳಿ.

ಹೋಸ್ಟ್ ಲಿನಕ್ಸ್‌ನಲ್ಲಿ ಎನ್‌ಎಂಐ ವಾಚ್‌ಡಾಗ್ (ಯಂತ್ರ ಹ್ಯಾಂಗ್ ಆಯಿತಾ ಅಂತ ಕಾಯುವ ವ್ಯವಸ್ಥೆ) ಆಫ್ ಮಾಡಿ, ಅದು ತನಗೆ ಅಂತ ಒಂದು ಕೌಂಟರ್ ಹಿಡಿದಿಟ್ಟುಕೊಳ್ಳುತ್ತದೆ. ಪಕ್ಕದ ಟರ್ಮಿನಲ್‌ನಲ್ಲಿ ಪರ್ಫ್ (ಇದೇ ಕೌಂಟರ್‌ಗಳನ್ನು ಬಳಸುವ ಲಿನಕ್ಸ್ ಉಪಕರಣ) ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ.

## ಹಂತ 2: ಓದುವ, ಬರೆಯುವ ಫಂಕ್ಷನ್‌ಗಳು

ಎಕ್ಸ್86.ಎಚ್ ಫೈಲ್‌ಗೆ ಮೂರು ಪುಟ್ಟ ಇನ್‌ಲೈನ್ ಫಂಕ್ಷನ್ ಸೇರಿಸಿ: ಎಂಎಸ್‌ಆರ್ (ಪ್ರೊಸೆಸರ್‌ನ ವಿಶೇಷ ನಿಯಂತ್ರಣ ರಿಜಿಸ್ಟರ್) ಓದುವುದು, ಎಂಎಸ್‌ಆರ್ ಬರೆಯುವುದು, ಆರ್‌ಡಿಪಿಎಂಸಿ ಸೂಚನೆಯಿಂದ ಕೌಂಟರ್ ಓದುವುದು. ಮೂರರಲ್ಲೂ ರಿಜಿಸ್ಟರ್ ನಂಬರ್ ಇಸಿಎಕ್ಸ್‌ನಲ್ಲಿ, ಬೆಲೆಯ ಕೆಳಗಿನ ಅರ್ಧ ಇಎಎಕ್ಸ್‌ನಲ್ಲಿ, ಮೇಲಿನ ಅರ್ಧ ಇಡಿಎಕ್ಸ್‌ನಲ್ಲಿ.

ಎರಡು ಅರ್ಧಗಳನ್ನೂ ಬೇರೆ ಬೇರೆ ವೇರಿಯಬಲ್‌ಗೆ ತೆಗೆದುಕೊಂಡು ನೀವೇ ಜೋಡಿಸಿ. ಜಿಸಿಸಿಯಲ್ಲಿ ದೊಡ್ಡಕ್ಷರದ ಎ ಅನ್ನುವ ಒಂದು ಶಾರ್ಟ್‌ಕಟ್ ಇದೆ. 32 ಬಿಟ್‌ನಲ್ಲಿ ಅದು ಜೋಡಿಯನ್ನು ಸರಿಯಾಗಿ ಕೊಡುತ್ತದೆ, 64 ಬಿಟ್ ಕೆರ್ನಲ್‌ನಲ್ಲಿ ಅರ್ಧ ಬೆಲೆ ಬಿಟ್ಟುಹೋಗುತ್ತದೆ. ಮುಂದೆ ಅದೇ ಕೋಡನ್ನು 64 ಬಿಟ್‌ಗೆ ಎತ್ತಿಕೊಂಡು ಹೋಗಿ ಗೋಳಾಡುವವರು ಜಾಸ್ತಿ.

ಆರ್‌ಡಿಪಿಎಂಸಿಗೆ ಸಾಮಾನ್ಯ ಕೌಂಟರ್ ಬೇಕಿದ್ದರೆ 0, 1, 2 ಅಂತ ಕೊಟ್ಟರೆ ಸಾಕು. ಫಿಕ್ಸೆಡ್ ಕೌಂಟರ್ (ಒಂದೇ ಘಟನೆಗೆ ಮೀಸಲಾದದ್ದು) ಬೇಕಿದ್ದರೆ 30ನೇ ಬಿಟ್ ಕೂಡ 1 ಆಗಿರಬೇಕು. ಆ ಬಿಟ್ ಮರೆತರೂ ಎರರ್ ಬರುವುದಿಲ್ಲ, ಬೇರೆ ಕೌಂಟರ್‌ನ ಬೆಲೆ ಬರುತ್ತದೆ.

## ಹಂತ 3: ಆನ್ ಮಾಡುವ ಕ್ರಮ

ಪ್ರತಿ ಕೌಂಟರ್‌ಗೂ ತನ್ನದೇ ಸ್ವಿಚ್ ಇದೆ. ಅದರ ಮೇಲೆ ಎಲ್ಲಕ್ಕೂ ಸೇರಿ ಒಂದು ಮೇನ್ ಸ್ವಿಚ್. ರೂಮಿನ ಸ್ವಿಚ್ ಒತ್ತಿ ಒತ್ತಿ ಬಲ್ಬ್ ಹೋಗಿದೆ ಅಂದುಕೊಳ್ಳುವವರಿಗೆ ಬಾಗಿಲ ಹಿಂದಿನ ಮೇನ್ ನೆನಪಾಗುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಕ್ರಮ ಹೀಗಿರಲಿ:

1. ಹೆಕ್ಸ್ 38ಎಫ್‌ಗೆ 0 ಬರೆಯಿರಿ. ಅದೇ ಗ್ಲೋಬಲ್ ಕಂಟ್ರೋಲ್, ಮೇನ್ ಸ್ವಿಚ್.
2. ಕೌಂಟರ್‌ಗಳನ್ನು ಸೊನ್ನೆ ಮಾಡಿ. ಸಾಮಾನ್ಯ ಕೌಂಟರ್‌ಗಳು ಹೆಕ್ಸ್ ಸಿ1ರಿಂದ ಶುರು, ಫಿಕ್ಸೆಡ್ ಕೌಂಟರ್‌ಗಳು ಹೆಕ್ಸ್ 309ರಿಂದ.
3. ಹೆಕ್ಸ್ 38ಡಿಗೆ ಹೆಕ್ಸ್ 33 ಬರೆಯಿರಿ. ಇದು ಫಿಕ್ಸೆಡ್ ಕೌಂಟರ್ 0 ಮತ್ತು 1ನ್ನು ಕೆರ್ನಲ್, ಯೂಸರ್ ಎರಡಕ್ಕೂ ತೆರೆಯುತ್ತದೆ. 0 ಎಣಿಸುವುದು ಮುಗಿದ ಸೂಚನೆಗಳನ್ನು, 1 ಎಣಿಸುವುದು ಸೈಕಲ್‌ಗಳನ್ನು.
4. ಹೆಕ್ಸ್ 186ಕ್ಕೆ ಬೇಕಾದ ಘಟನೆ ಬರೆಯಿರಿ. ಉದಾಹರಣೆಗೆ ಯೂಸರ್ ಕೋಡ್‌ನಲ್ಲಿ ತಪ್ಪಿದ ಬ್ರಾಂಚ್ ಊಹೆಗಳಿಗೆ ಹೆಕ್ಸ್ 4100ಸಿ5.
5. ಕೊನೆಗೆ ಮೇನ್ ಸ್ವಿಚ್. ಹೆಕ್ಸ್ 38ಎಫ್‌ನಲ್ಲಿ ಬಿಟ್ 0, 32, 33 ಆನ್.

ನಾಲ್ಕನೇ ಸಾಲಿನ ಸಂಖ್ಯೆಯನ್ನು ಬಿಡಿಸಿ ನೋಡೋಣ, ನಾಳೆ ಬೇರೆ ಘಟನೆ ಬೇಕಾದಾಗ ನೀವೇ ಕಟ್ಟಿಕೊಳ್ಳಬೇಕಲ್ಲ. ಕೆಳಗಿನ 8 ಬಿಟ್ ಘಟನೆಯ ನಂಬರ್, ಇಲ್ಲಿ ಸಿ5. ಮುಂದಿನ 8 ಬಿಟ್ ಯೂನಿಟ್ ಮಾಸ್ಕ್, ಇಲ್ಲಿ 00. ಬಿಟ್ 16 ಯೂಸರ್, ಬಿಟ್ 17 ಕೆರ್ನಲ್, ಬಿಟ್ 20 ಇಂಟರಪ್ಟ್, ಬಿಟ್ 22 ಆನ್. ಕೊನೆಯ ಹಂತದ ಕ್ಯಾಶ್‌ನಲ್ಲಿ ಸಿಗದೆ ಹೋದದ್ದನ್ನು ಎಣಿಸಬೇಕೆಂದರೆ ಘಟನೆ 2ಇ, ಮಾಸ್ಕ್ 41. ಯೂಸರ್‌ಗೆ ಮಾತ್ರ ಅಂದರೆ ಹೆಕ್ಸ್ 41412ಇ ಆಗುತ್ತದೆ.

ಐದನೇ ಸಾಲಿನಲ್ಲಿ ಒಂದು ಗುಂಡಿ ಇದೆ. ಸಿ ಭಾಷೆಯಲ್ಲಿ ಬರೀ 1ನ್ನು 32 ಸ್ಥಾನ ಎಡಕ್ಕೆ ಜರುಗಿಸಿದರೆ ಆ 1 ಕೇವಲ 32 ಬಿಟ್‌ನದು. ನೇರವಾಗಿ 32 ಅಂತ ಬರೆದಿದ್ದರೆ ಕಂಪೈಲರ್ ಹಿಡಿದು ನಿಲ್ಲಿಸುತ್ತದೆ. ಲೂಪ್ ಒಳಗೆ 32 ಕೂಡಿಸು ಐ ಅಂತ ಬರೆದಿದ್ದರೆ ಸದ್ದಿಲ್ಲದೆ ತಪ್ಪು ಬಿಟ್ ಆನ್ ಆಗುತ್ತದೆ. 1ನ್ನು ಮೊದಲು 64 ಬಿಟ್‌ಗೆ ಬದಲಿಸಿಕೊಂಡು ಆಮೇಲೆ ಜರುಗಿಸಿ.

ಈ ಎಲ್ಲವನ್ನೂ ಪಿಎಂಯುಇನಿಟ್ ಅನ್ನುವ ಒಂದು ಫಂಕ್ಷನ್‌ನಲ್ಲಿ ಹಾಕಿ. ಅದನ್ನು ಎರಡು ಕಡೆ ಕರೆಯಬೇಕು: ಮೇನ್ ಫಂಕ್ಷನ್‌ನಲ್ಲಿ ಒಂದು ಸಲ, ಉಳಿದ ಸಿಪಿಯುಗಳು ಶುರುವಾಗುವ ಎಂಪಿಎಂಟರ್‌ನಲ್ಲಿ ಒಂದು ಸಲ. ಕೌಂಟರ್‌ಗಳು ಪ್ರತಿ ಸಿಪಿಯುಗೂ ಬೇರೆ. ಎಕ್ಸ್‌ವಿ6 ಸಾಮಾನ್ಯವಾಗಿ 2 ಸಿಪಿಯು ಮೇಲೆ ಓಡುತ್ತದೆ. ಮೇನ್‌ನಲ್ಲಿ ಮಾತ್ರ ಕರೆದರೆ ಎರಡನೆಯದರ ಮೇಲೆ ಓಡಿದ ಪ್ರೊಸೆಸ್‌ನ ಲೆಕ್ಕ ಮಾಯ. "ಒಂದೊಂದು ಸಲ ಒಂದೊಂದು" ಅನ್ನುವ ದೂರಿನ ಮೂಲ ಬಹಳ ಸಲ ಇದೇ. ಎರಡೂ ಕಡೆ ಅದು ಲ್ಯಾಪಿಕ್‌ಇನಿಟ್ ಆದ ಮೇಲೆ ಬರಲಿ. ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಬೂಟ್ ಆಗುವಾಗ ಯಂತ್ರ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದರೆ, ಅಥವಾ ಬೂಟ್ ಆದ ಮೇಲೆ ಟ್ರ್ಯಾಪ್ 13 ಅಂತ ಪ್ಯಾನಿಕ್ ಆದರೆ, ಇಲ್ಲದ ರಿಜಿಸ್ಟರ್ ಮುಟ್ಟಿದ್ದೀರಿ ಅಥವಾ ಕಾಯ್ದಿರಿಸಿದ ಬಿಟ್ ಆನ್ ಮಾಡಿದ್ದೀರಿ. ಪ್ಯಾನಿಕ್ ಸಂದೇಶದಲ್ಲಿ ಇಐಪಿ, ಅಂದರೆ ಓಡುತ್ತಿದ್ದ ಸೂಚನೆಯ ವಿಳಾಸ, ಇರುತ್ತದೆ. ಕೆರ್ನಲ್.ಎಎಸ್‌ಎಂ ಫೈಲ್‌ನಲ್ಲಿ ಹುಡುಕಿದರೆ ಯಾವ ಸಾಲು ಅಂತ ಸಿಗುತ್ತದೆ.

## ಹಂತ 4: ಉತ್ತರ ಗೊತ್ತಿರುವ ಲೂಪ್

ಇದನ್ನು ಬಿಡುವವರೇ ಜಾಸ್ತಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ.

ಎರಡೇ ಸೂಚನೆಗಳ ಅಸೆಂಬ್ಲಿ ಲೂಪ್ ಬರೆಯಿರಿ: ಇಸಿಎಕ್ಸ್‌ನಿಂದ 1 ಕಳೆಯುವುದು, ಸೊನ್ನೆ ಆಗದಿದ್ದರೆ ಹಿಂದಕ್ಕೆ ಜಿಗಿಯುವುದು. 10 ಲಕ್ಷ ಸಲ ಓಡಿಸಿ. ಮುಗಿದ ಸೂಚನೆಗಳು 20 ಲಕ್ಷ ಆಗಬೇಕು, ಓದುವ ಕೋಡಿನದ್ದು ಸೇರಿ ಒಂದಿಷ್ಟು ಜಾಸ್ತಿ. ಮೇನ್ ಫಂಕ್ಷನ್‌ನಲ್ಲಿ, ಪಿಎಂಯುಇನಿಟ್ ಆದ ಕೂಡಲೇ ಓಡಿಸಿ. ಅಲ್ಲಿ ಇಂಟರಪ್ಟ್‌ಗಳು ಇನ್ನೂ ತೆರೆದಿರುವುದಿಲ್ಲ, ಆದ್ದರಿಂದ ಬೇರೆ ಯಾವುದೂ ನಡುವೆ ತಲೆ ಹಾಕುವುದಿಲ್ಲ. ಹತ್ತು ಸಲ ಓಡಿಸಿ. ಹತ್ತರಲ್ಲೂ ಸೂಚನೆಗಳ ಲೆಕ್ಕ ಹೆಚ್ಚುಕಡಿಮೆ ಅದೇ ಬರಬೇಕು. ಸೈಕಲ್‌ಗಳು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತವೆ, ತಲೆ ಕೆಡಿಸಿಕೊಳ್ಳಬೇಡಿ.

ಬರೀ ಹತ್ತೋ ಇಪ್ಪತ್ತೋ ಬಂತಾ? ಲೂಪನ್ನು ಸಿ ಭಾಷೆಯಲ್ಲಿ ಬರೆದಿದ್ದೀರಿ. ಎಕ್ಸ್‌ವಿ6 ಕಂಪೈಲ್ ಆಗುವುದು ಓ2 ಮಟ್ಟದಲ್ಲಿ, ಅಲ್ಲಿ ಖಾಲಿ ಲೂಪ್ ಉಳಿಯುವುದಿಲ್ಲ. ಪೂರ್ತಿ ಸೊನ್ನೆಯಾ? ಮೇನ್ ಸ್ವಿಚ್ ನೋಡಿ. ಅದೂ ಸರಿಯಿದ್ದರೆ ಹೆಕ್ಸ್ 38ಡಿಗೆ 33ರ ಬದಲು 22 ಬರೆದಿದ್ದೀರೇನೋ ನೋಡಿ. 22 ಅಂದರೆ ಯೂಸರ್ ಮಾತ್ರ, ನಿಮ್ಮ ಲೂಪ್ ಓಡುತ್ತಿರುವುದು ಕೆರ್ನಲ್‌ನಲ್ಲಿ.

## ಹಂತ 5: ಪ್ರೊಸೆಸ್‌ಗೊಂದು ಲೆಕ್ಕ

ಬಾಡಿಗೆ ಮನೆಯ ಕರೆಂಟ್ ಮೀಟರ್ ಹೇಗೋ ಹಾಗೆ ಮಾಡಿ. ಬಾಡಿಗೆದಾರ ಬಂದಾಗ ರೀಡಿಂಗ್ ಬರೆದಿಟ್ಟುಕೊಳ್ಳುತ್ತೇವೆ, ಬಿಟ್ಟುಹೋಗುವಾಗ ಇನ್ನೊಮ್ಮೆ ನೋಡಿ ಕಳೆಯುತ್ತೇವೆ. ಮೀಟರನ್ನೇ ಸೊನ್ನೆ ಮಾಡಲು ಯಾರೂ ಹೋಗುವುದಿಲ್ಲ. ಕೌಂಟರ್ ಓಡುತ್ತಲೇ ಇರಲಿ.

ಪ್ರೊಸೆಸ್ ರಚನೆಯಲ್ಲಿ 64 ಬಿಟ್‌ನ ಒಟ್ಟು ಲೆಕ್ಕ ಇಡಿ, ಸಿಪಿಯು ರಚನೆಯಲ್ಲಿ ಆರಂಭದ ರೀಡಿಂಗ್ ಇಡಿ. ಓದುವ ಜಾಗ ಶೆಡ್ಯೂಲರ್ ಫಂಕ್ಷನ್. ಅಲ್ಲಿ ಪ್ರೊಸೆಸ್‌ಗೆ ಜಿಗಿಯುವ ಸ್ವಿಚ್ ಕರೆ ಇದೆ (ಸೋರ್ಸಿನಲ್ಲಿ ಆ ಹೆಸರಿನ ನಡುವೆ ಐ ಅಕ್ಷರ ಇಲ್ಲ). ಅದರ ಹಿಂದಿನ ಸಾಲಿನಲ್ಲಿ ಆರಂಭ, ಮುಂದಿನ ಸಾಲಿನಲ್ಲಿ ಅಂತ್ಯ.

ಬಹಳ ಜನ ಇದನ್ನು ಸ್ಕೆಡ್ ಫಂಕ್ಷನ್‌ನಲ್ಲಿ ಹಾಕುತ್ತಾರೆ. ನೋಡಲು ಅದೂ ಸರಿಯೇ ಅನ್ನಿಸುತ್ತದೆ. ಆದರೆ ಹೊಸದಾಗಿ ಹುಟ್ಟಿದ ಪ್ರೊಸೆಸ್ ಮೊದಲ ಸಲ ಓಡುವಾಗ ಸ್ಕೆಡ್‌ಗೆ ವಾಪಸ್ ಬರುವುದಿಲ್ಲ, ಫೋರ್ಕ್‌ರೆಟ್‌ನಿಂದ ಶುರುವಾಗುತ್ತದೆ. ಅದರ ಮೊದಲ ಪಾಳಿಗೆ ಆರಂಭದ ರೀಡಿಂಗೇ ಇರುವುದಿಲ್ಲ, ಹಿಂದಿನವರ ರೀಡಿಂಗ್ ಮೇಲೆ ಕಳೆಯುತ್ತೀರಿ. ಬೇಗ ಮುಗಿಯುವ ಪ್ರೋಗ್ರಾಮ್‌ಗಳ ಲೆಕ್ಕ ಮಾತ್ರ ಹುಚ್ಚುಹುಚ್ಚಾಗಿ ಬರುತ್ತಿದ್ದರೆ ಇದನ್ನೇ ಅನುಮಾನಿಸಿ.

ಕಳೆದ ಮೇಲೆ ಉತ್ತರವನ್ನು ಮೊದಲ ಹಂತದಲ್ಲಿ ಎತ್ತಿಟ್ಟ ಅಗಲಕ್ಕೆ ಮಾಸ್ಕ್ ಮಾಡಿ. ಕೌಂಟರ್ 48 ಬಿಟ್ ತುಂಬಿ ಮತ್ತೆ ಸೊನ್ನೆಯಿಂದ ಶುರುವಾದರೂ ಆಗ ಲೆಕ್ಕ ಕೆಡುವುದಿಲ್ಲ. ಅಲಾಕ್‌ಪ್ರಾಕ್‌ನಲ್ಲಿ ಒಟ್ಟು ಲೆಕ್ಕವನ್ನು ಸೊನ್ನೆ ಮಾಡುವುದು ಮರೆಯಬೇಡಿ. ಎಕ್ಸ್‌ವಿ6 ಹಳೆಯ ಜಾಗಗಳನ್ನೇ ಮತ್ತೆ ಮತ್ತೆ ಕೊಡುತ್ತದೆ, ಸತ್ತವರ ಲೆಕ್ಕ ಹೊಸಬರ ತಲೆಗೆ ಬೀಳುತ್ತದೆ.

## ಹಂತ 6: ಸಿಸ್ಟಂ ಕಾಲ್

ಐದು ಫೈಲ್ ಮುಟ್ಟಬೇಕು: ಸಿಸ್‌ಕಾಲ್.ಎಚ್, ಸಿಸ್‌ಕಾಲ್.ಸಿ, ಸಿಸ್‌ಪ್ರಾಕ್.ಸಿ, ಯೂಸರ್.ಎಚ್, ಯುಸಿಸ್.ಎಸ್. ಮುಂದಿನ ಖಾಲಿ ನಂಬರ್ 22. "ಅನ್‌ನೋನ್ ಸಿಸ್ ಕಾಲ್ 22" ಅಂತ ಬಂದರೆ ಸಿಸ್‌ಕಾಲ್.ಸಿಯ ಪಟ್ಟಿಗೆ ಸೇರಿಸಿಲ್ಲ ಅಂತ ಅರ್ಥ.

ಇಲ್ಲಿ ಎಡವುವುದು ಬೇರೆ ಕಡೆ. ಪ್ರೋಗ್ರಾಮ್ ತನ್ನ ಲೆಕ್ಕ ತಾನೇ ಕೇಳುವಾಗ ಅದು ಇನ್ನೂ ಓಡುತ್ತಿದೆ. ಒಟ್ಟು ಲೆಕ್ಕದಲ್ಲಿ ಇರುವುದು ಕಳೆದ ಪಾಳಿಯವರೆಗಿನದು ಮಾತ್ರ. ಈ ಪಾಳಿಯದ್ದನ್ನೂ, ಅಂದರೆ ಈಗಿನ ರೀಡಿಂಗ್‌ನಿಂದ ಆರಂಭದ್ದನ್ನು ಕಳೆದು, ಸೇರಿಸಿ ಕೊಡಬೇಕು. ಹಾಗೆ ಓದುವಾಗ ಇಂಟರಪ್ಟ್ ಮುಚ್ಚುವ ಪುಶ್‌ಸಿಎಲ್‌ಐ, ಮತ್ತೆ ತೆರೆಯುವ ಪಾಪ್‌ಸಿಎಲ್‌ಐ ನಡುವೆ ಓದಿ. ಇಲ್ಲದಿದ್ದರೆ ನಡುವೆ ಟೈಮರ್ ಬಂದು ನಿಮ್ಮನ್ನು ಬೇರೆ ಸಿಪಿಯುಗೆ ಎತ್ತಿಹಾಕಬಹುದು, ಆಗ ಒಂದು ಮನೆಯ ಮೀಟರ್‌ನಿಂದ ಇನ್ನೊಂದು ಮನೆಯದ್ದನ್ನು ಕಳೆದ ಹಾಗಾಗುತ್ತದೆ.

ಇನ್ನು ಪ್ರಿಂಟ್ ಮಾಡುವುದು. ಎಕ್ಸ್‌ವಿ6ನ ಪ್ರಿಂಟ್‌ಎಫ್‌ಗೆ 64 ಬಿಟ್ ಸಂಖ್ಯೆ ಗೊತ್ತೇ ಇಲ್ಲ. ಲೆಕ್ಕ ದೊಡ್ಡದಾದ ಕೂಡಲೇ ಮೈನಸ್ ಕಾಣಿಸುತ್ತದೆ, ಜನ ಕೌಂಟರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಸರಿ, ನಾನೇ ಭಾಗಿಸಿ ಪ್ರಿಂಟ್ ಮಾಡುತ್ತೇನೆ ಅಂತ ಹೊರಟರೆ ಲಿಂಕರ್ ಯುಡಿವ್‌ಡಿಐ3 ಸಿಗಲಿಲ್ಲ ಅನ್ನುತ್ತದೆ. 32 ಬಿಟ್‌ನಲ್ಲಿ 64 ಬಿಟ್ ಭಾಗಾಕಾರಕ್ಕೆ ಲಿಬ್‌ಜಿಸಿಸಿ ಬೇಕು, ಎಕ್ಸ್‌ವಿ6 ಅದನ್ನು ಜೋಡಿಸಿಕೊಳ್ಳುವುದಿಲ್ಲ. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ ಕೈತೊಳೆದುಕೊಳ್ಳಿ.

## ಹಂತ 7: ಸ್ಯಾಂಪ್ಲಿಂಗ್

ಈಗ ಇಂಟರಪ್ಟ್ ಮುಟ್ಟಬಹುದು. ಕೌಂಟರ್‌ನಲ್ಲಿ ಮೈನಸ್ 10,00,003 ಇಡುತ್ತೇವೆ. ಅಷ್ಟು ಸೈಕಲ್ ಆದ ಮೇಲೆ ಅದು ತುಂಬಿ ಹರಿಯುತ್ತದೆ, ಇಂಟರಪ್ಟ್ ಬರುತ್ತದೆ, ಆಗ ಯಾವ ವಿಳಾಸದಲ್ಲಿ ಕೋಡ್ ಓಡುತ್ತಿತ್ತು ಅಂತ ಬರೆದಿಟ್ಟುಕೊಳ್ಳುತ್ತೇವೆ. ಸರಿಯಾಗಿ 10 ಲಕ್ಷ ಬೇಡ. ಅದು ಯಾವುದಾದರೂ ಲೂಪ್ ಜೊತೆ ತಾಳ ಕೂಡಿಸಿಕೊಂಡು ಪ್ರತಿ ಸಲ ಅದೇ ವಿಳಾಸ ತೋರಿಸಬಹುದು, 10,00,003 ಅವಿಭಾಜ್ಯ ಸಂಖ್ಯೆ. ತೀರಾ ಸಣ್ಣ ಸಂಖ್ಯೆಯೂ ಬೇಡ. ಸಾವಿರ ಅಂತ ಇಟ್ಟರೆ ಕೆರ್ನಲ್ ಇಂಟರಪ್ಟ್ ನೋಡಿಕೊಳ್ಳುವುದರಲ್ಲೇ ಮುಳುಗಿ ಹ್ಯಾಂಗ್ ಆದಂತೆ ಕಾಣುತ್ತದೆ.

ಸ್ಯಾಂಪ್ಲಿಂಗ್‌ಗೆ ಬೇರೆಯದೇ ಕೌಂಟರ್ ಬಳಸಿ. ಐದನೇ ಹಂತದ ಲೆಕ್ಕ ಫಿಕ್ಸೆಡ್ ಕೌಂಟರ್ ಮೇಲೆ ನಿಂತಿದೆ, ಅದನ್ನೇ ಮತ್ತೆ ಮತ್ತೆ ತುಂಬಿಸಿದರೆ ಆ ಲೆಕ್ಕ ಹಾಳು. ಸಾಮಾನ್ಯ ಕೌಂಟರ್ 0ಯಲ್ಲಿ ಬ್ರಾಂಚ್ ತೆಗೆದು ಹೆಕ್ಸ್ 53003ಸಿ ಹಾಕಿ. ಅಂದರೆ ಸೈಕಲ್, ಯೂಸರ್, ಕೆರ್ನಲ್, ಇಂಟರಪ್ಟ್, ಆನ್. ಮೈನಸ್ ಸಂಖ್ಯೆಯನ್ನು ಕೌಂಟರ್‌ನ ಅಗಲಕ್ಕೆ ಮಾಸ್ಕ್ ಮಾಡಿಯೇ ಬರೆಯಿರಿ. ಇಲ್ಲಿ ಮಾಸ್ಕ್ ಇಲ್ಲದೆಯೂ ನಡೆದೀತು. ಫಿಕ್ಸೆಡ್ ಕೌಂಟರ್‌ಗೆ ಹಾಗೆ ಬರೆದರೆ ಮತ್ತೆ ಟ್ರ್ಯಾಪ್ 13. ಅಭ್ಯಾಸ ಒಂದೇ ಇರಲಿ.

ಇಂಟರಪ್ಟ್ ಬರುವ ದಾರಿ ಲೋಕಲ್ ಎಪಿಐಸಿಯ (ಪ್ರತಿ ಸಿಪಿಯುವಿನ ಇಂಟರಪ್ಟ್ ನಿಯಂತ್ರಕ) ಹೆಕ್ಸ್ 340ನೇ ಜಾಗ. ಎಕ್ಸ್‌ವಿ6ನಲ್ಲಿ ಅದಕ್ಕೆ ಪಿಸಿಐಎನ್‌ಟಿ ಅಂತ ಹೆಸರು. ಲ್ಯಾಪಿಕ್‌ಇನಿಟ್ ಓದಿ ನೋಡಿ, ಅದು ಆ ಜಾಗಕ್ಕೆ ಮಾಸ್ಕ್ ಹಾಕಿ ಬಾಯಿ ಮುಚ್ಚಿಸುತ್ತದೆ. ನಿಮ್ಮ ಪಿಎಂಯುಇನಿಟ್ ಅದಕ್ಕಿಂತ ಮೊದಲು ಓಡಿದರೆ ನೀವು ತೆರೆದ ಬಾಗಿಲನ್ನು ಅದು ಮತ್ತೆ ಮುಚ್ಚುತ್ತದೆ. ವೆಕ್ಟರ್ 52 ಇಟ್ಟುಕೊಳ್ಳಿ, ಅಂದರೆ ಟಿ ಐಆರ್‌ಕ್ಯೂ 0 ಕೂಡಿಸು 20. ಅದನ್ನು ಯಾರೂ ಬಳಸುತ್ತಿಲ್ಲ.

ಟ್ರ್ಯಾಪ್.ಸಿಯಲ್ಲಿ ಹ್ಯಾಂಡ್ಲರ್‌ನ ಕ್ರಮ:

1. ಹೆಕ್ಸ್ 38ಇ ಓದಿ, ತುಂಬಿದ್ದು ನಮ್ಮ ಕೌಂಟರ್ ತಾನೇ ಅಂತ ನೋಡಿ.
2. ಇಐಪಿ ಮತ್ತು ಪಿಐಡಿಯನ್ನು ಆ ಸಿಪಿಯುವಿನದೇ ಬಫರ್‌ಗೆ ಹಾಕಿ. ಬಫರ್ ತುಂಬಿದ್ದರೆ ಬಿಟ್ಟುಹೋದದ್ದನ್ನು ಎಣಿಸಿ.
3. ಕೌಂಟರ್‌ಗೆ ಮತ್ತೆ ಮೈನಸ್ ಸಂಖ್ಯೆ ಬರೆಯಿರಿ.
4. ಹೆಕ್ಸ್ 390ಕ್ಕೆ ಅದೇ ಬಿಟ್ ಬರೆದು ಸ್ಥಿತಿ ಅಳಿಸಿ.
5. ಪಿಸಿಐಎನ್‌ಟಿಗೆ ವೆಕ್ಟರನ್ನು ಇನ್ನೊಮ್ಮೆ ಬರೆಯಿರಿ.
6. ಇಂಟರಪ್ಟ್ ಮುಗಿಯಿತು ಅಂತ ತಿಳಿಸಲು ಲ್ಯಾಪಿಕ್‌ಇಒಐ ಕರೆಯಿರಿ.

ಐದನೇ ಸಾಲು ಬಿಟ್ಟು ನಾನು ಎರಡು ಸಂಜೆ ಕಳೆದುಕೊಂಡಿದ್ದೇನೆ. ಇಂಟರಪ್ಟ್ ಕೊಟ್ಟ ಕೂಡಲೇ ಹಾರ್ಡ್‌ವೇರ್ ತಾನೇ ಆ ಜಾಗಕ್ಕೆ ಮಾಸ್ಕ್ ಹಾಕಿಕೊಳ್ಳುತ್ತದೆ. ನೀವು ತೆಗೆಯುವವರೆಗೆ ಇನ್ನೊಂದು ಬರುವುದಿಲ್ಲ. ನನಗೆ ಬಂದದ್ದು ಸಿಪಿಯುಗೆ ಒಂದರಂತೆ ಎರಡೇ ಸ್ಯಾಂಪಲ್. ತಮಾಷೆ ಏನೆಂದರೆ ಹಳೆಯ ಕೆವಿಎಂ ಈ ಮಾಸ್ಕ್ ಹಾಕುತ್ತಲೇ ಇರಲಿಲ್ಲ. ಹಾಗಾಗಿ ಅದರಲ್ಲಿ ಚೆನ್ನಾಗಿ ಓಡಿದ ಕೋಡ್ ಅಸಲಿ ಯಂತ್ರದಲ್ಲಿ ಒಂದೇ ಸಲಕ್ಕೆ ನಿಂತುಬಿಡುತ್ತಿತ್ತು.

ಸ್ಯಾಂಪಲ್ ಬಂದ ಮೇಲೆ ಹೆಕ್ಸ್ 80000000ಕ್ಕಿಂತ ಮೇಲಿನ ವಿಳಾಸ ಕೆರ್ನಲ್‌ನದು, ಕೆಳಗಿನದು ಯೂಸರ್‌ನದು. ಹೆಸರುಗಳಿಗೆ ಕೆರ್ನಲ್.ಎಸ್‌ವೈಎಂ ನೋಡಿ.

## ಪಾಪ್‌ಸಿಎಲ್‌ಐ ಮೇಲೆ ಆರೋಪ ಬಂದಾಗ

ಕೆರ್ನಲ್ ಸಮಯವೆಲ್ಲ ಪಾಪ್‌ಸಿಎಲ್‌ಐನಲ್ಲೇ ಹೋಗುತ್ತಿದೆ ಅಂತ ಸ್ಯಾಂಪಲ್‌ಗಳು ಹೇಳಬಹುದು. ನಂಬಬೇಡಿ. ಎಕ್ಸ್‌ವಿ6 ಲಾಕ್ ಹಿಡಿದಾಗಲೆಲ್ಲ ಇಂಟರಪ್ಟ್ ಮುಚ್ಚುತ್ತದೆ. ಆಗ ತುಂಬಿದ ಕೌಂಟರ್‌ನ ಇಂಟರಪ್ಟ್ ಬಾಗಿಲಲ್ಲೇ ಕಾಯುತ್ತದೆ. ಲಾಕ್ ಬಿಟ್ಟು ಪಾಪ್‌ಸಿಎಲ್‌ಐ ಬಾಗಿಲು ತೆಗೆದ ಕ್ಷಣ ಒಳಗೆ ನುಗ್ಗುತ್ತದೆ, ಅಲ್ಲಿನ ವಿಳಾಸ ದಾಖಲಾಗುತ್ತದೆ. ನಿಜವಾಗಿ ಸಮಯ ತಿಂದದ್ದು ಲಾಕ್ ಒಳಗಿನ ಕೋಡ್.

ಇದಕ್ಕೆ ಪರಿಹಾರ ಎನ್‌ಎಂಐ, ಅಂದರೆ ಮುಚ್ಚಿ ತಡೆಯಲಾಗದ ಇಂಟರಪ್ಟ್. ಪಿಸಿಐಎನ್‌ಟಿಗೆ ವೆಕ್ಟರ್ ಬದಲು ಎನ್‌ಎಂಐ ವಿಧಾನ ಬರೆದರೆ, ಅಂದರೆ ಹೆಕ್ಸ್ 400, ಮುಚ್ಚಿದ ಬಾಗಿಲನ್ನೂ ದಾಟಿ ಬರುತ್ತದೆ. ಟ್ರ್ಯಾಪ್ ನಂಬರ್ 2 ಆಗುತ್ತದೆ. ಟ್ರ್ಯಾಪ್.ಸಿಯಲ್ಲಿ ಅದಕ್ಕೆ ಕೇಸ್ ಬರೆಯದಿದ್ದರೆ ಕೆರ್ನಲ್ ಕೋಡ್ ಓಡುವಾಗ ಬಂದ ಮೊದಲ ಸ್ಯಾಂಪಲ್‌ಗೇ ಕೆರ್ನಲ್ ಪ್ಯಾನಿಕ್. ಎನ್‌ಎಂಐಗೆ ಲ್ಯಾಪಿಕ್‌ಇಒಐ ಬೇಡ, ಆ ಸಾಲು ತೆಗೆಯಿರಿ. ಐದನೇ ಸಾಲಿನಲ್ಲೂ 52ರ ಬದಲು ಹೆಕ್ಸ್ 400 ಬರೆಯಿರಿ.

ಹ್ಯಾಂಡ್ಲರ್ ಒಳಗೆ ಯಾವ ಲಾಕ್ ಕೂಡ ಹಿಡಿಯಬಾರದು. ಸುಮ್ನೆ ನೋಡೋಣ ಅಂತ ಒಂದು ಸಿಪ್ರಿಂಟ್‌ಎಫ್ ಹಾಕಿದರೂ ಸಾಕು. ಅದೇ ಸಿಪಿಯು ಕನ್ಸೋಲ್ ಲಾಕ್ ಹಿಡಿದಿರುವಾಗ ಎನ್‌ಎಂಐ ಬಂದರೆ ಪರದೆ ಮೇಲೆ "ಪ್ಯಾನಿಕ್: ಅಕ್ವೈರ್" ಕಾಣಿಸುವ ಹೊತ್ತು. ಆ ಸಂದೇಶ ಹತ್ತು ನಿಮಿಷ ಏನೂ ಆಗದೆ ಇದ್ದು ಆಮೇಲೆ ಇದ್ದಕ್ಕಿದ್ದ ಹಾಗೆ ಬಂದರೆ ಲಾಕ್ ಕೋಡನ್ನು ಕೆದಕಬೇಡಿ, ಹ್ಯಾಂಡ್ಲರ್‌ನಲ್ಲಿ ಮರೆತ ಪ್ರಿಂಟ್ ಸಾಲನ್ನು ಹುಡುಕಿ.